ಕೇಳಿದವರೇ ಉತ್ತರಿಸಬೇಕಾದ ಸರದಿ: ವೆಸ್ಟ್‌ಮಿನ್‌ಸ್ಟರ್‌ನ ಪ್ರಶ್ನೋತ್ತರ ವೇಳೆ

ಇಂಗ್ಲೆಂಡಿಗೆ ಬರಬೇಕೆಂದು ಸಿದ್ಧತೆ ನಡೆಸಿರುವ ಕಿರಿಯರು ನನ್ನನ್ನು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ತೆರಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತದೆ, ಮನೆ ಬಾಡಿಗೆ ಎಷ್ಟು, ಚಳಿ ತಡೆಯಬಹುದೇ, ಸೋನಾ ಮಸೂರಿ ಅಕ್ಕಿ ಸಿಗುತ್ತದೆಯೇ. ಅವರ ತಂದೆ ತಾಯಂದಿರ ಪ್ರಶ್ನೆ ಬೇರೆ. “ಅಲ್ಲಿ ನಮ್ಮ ಮಕ್ಕಳಿಗೆ ಏನಾದರೂ ಅನ್ಯಾಯವಾದರೆ ಕೇಳುವವರು ಯಾರು?” ಮೊದಲಿನವಕ್ಕೆ ಅಂಕಿಗಳಲ್ಲಿ ಉತ್ತರಿಸಬಹುದು. ಹಿರಿಯರ ಪ್ರಶ್ನೆಗೆ ಉತ್ತರಿಸಬೇಕಾದರೆ ಈ ದೇಶದ ಸಂಸತ್ತಿನ ಒಂದು ಹಳೆಯ ಪದ್ಧತಿಯ ಬಗ್ಗೆ ಹೇಳಬೇಕಾಗುತ್ತದೆ. ಜನಪ್ರತಿನಿಧಿಯೊಬ್ಬರು ಎದ್ದು ನಿಂತು ಮಂತ್ರಿಯನ್ನು ಪ್ರಶ್ನಿಸುವ, ಮಂತ್ರಿ ಎದ್ದು ನಿಂತು ಉತ್ತರಿಸಲೇಬೇಕಾದ ಪದ್ಧತಿ ಅದು.

ಈ ಪದ್ಧತಿಗೆ ಮುನ್ನೂರು ವರ್ಷಗಳ ಇತಿಹಾಸವಿದೆ. ದಾಖಲೆಯಲ್ಲಿರುವ ಮೊದಲ ಪ್ರಶ್ನೆಯನ್ನು 1721ರಲ್ಲಿ ಮೇಲ್ಮನೆಯಲ್ಲಿ ಅರ್ಲ್ ಕೌಪರ್ ಕೇಳಿದರು. ಸೌತ್ ಸೀ ಕಂಪನಿಯ ಷೇರು ಹಗರಣದಲ್ಲಿ ಸಾವಿರಾರು ಜನ ಹಣ ಕಳೆದುಕೊಂಡಿದ್ದರು, ಕಂಪನಿಯ ಖಜಾಂಚಿ ದೇಶ ಬಿಟ್ಟು ಓಡಿಹೋಗಿದ್ದ. ಅವನು ಬ್ರಸೆಲ್ಸ್‌ನಲ್ಲಿ ಸೆರೆಸಿಕ್ಕಿದ್ದಾನೆಂಬ ಸುದ್ದಿ ನಿಜವೇ ಎಂಬುದು ಆ ಪ್ರಶ್ನೆ. ಜನರ ಹಣ ನುಂಗಿ ಪರದೇಶಕ್ಕೆ ಪರಾರಿಯಾದವನ ಕುರಿತ ಪ್ರಶ್ನೆ ಭಾರತೀಯ ಓದುಗರಿಗೂ ಹೊಸದೆನಿಸಲಾರದು.

ದಿನಕ್ಕೊಂದು ಗಂಟೆಯ ಲೆಕ್ಕಾಚಾರ

ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಸೋಮವಾರದಿಂದ ಗುರುವಾರದವರೆಗೆ ಕಲಾಪದ ಮೊದಲ ಒಂದು ಗಂಟೆ ಪ್ರಶ್ನೆಗಳಿಗೆ ಮೀಸಲು. ಪ್ರತಿ ಇಲಾಖೆಗೂ ಸುಮಾರು ಐದು ವಾರಗಳಿಗೊಮ್ಮೆ ಸರದಿ ಬರುತ್ತದೆ. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಅರ್ಧ ಗಂಟೆ ಪ್ರಧಾನಿಯ ಸರದಿ. ಊರಿನಲ್ಲಿ ಬಂಧುಗಳು ವಾಟ್ಸ್‌ಆ್ಯಪ್‌ನಲ್ಲಿ ನೋಡುವ, ಸದಸ್ಯರು ಕೂಗಾಡುವ ವಿಡಿಯೊಗಳು ಹೆಚ್ಚಾಗಿ ಈ ಅರ್ಧ ಗಂಟೆಯವು. ನಿಜವಾದ ಕೆಲಸ ಉಳಿದ ದಿನಗಳಲ್ಲಿ, ಅರ್ಧ ಖಾಲಿಯಾದ ಹಸಿರು ಬೆಂಚುಗಳ ನಡುವೆ, ಸದ್ದಿಲ್ಲದೆ ನಡೆಯುತ್ತದೆ.

ಒಂದು ಮಂಗಳವಾರ ನ್ಯಾಯ ಇಲಾಖೆಯ ಸರದಿಯಂದು ಸಾರ್ವಜನಿಕರ ಗ್ಯಾಲರಿಯಲ್ಲಿ ಕುಳಿತು ನಾನು ಅದನ್ನು ನೋಡಿದ್ದೇನೆ. ಪ್ರವೇಶ ಉಚಿತ, ವಿಮಾನ ನಿಲ್ದಾಣದಂಥ ತಪಾಸಣೆ, ಸಭೆಗೂ ನಮಗೂ ನಡುವೆ ದಪ್ಪ ಗಾಜಿನ ಗೋಡೆ. ಮೂಲ ಪ್ರಶ್ನೆಗಳನ್ನು ಸದಸ್ಯರು ಕೆಲವು ದಿನ ಮುಂಚಿತವಾಗಿ ಸಲ್ಲಿಸಿರುತ್ತಾರೆ, ಚೀಟಿ ಎತ್ತಿದಂತೆ ಕಂಪ್ಯೂಟರ್ ಅವುಗಳ ಅನುಕ್ರಮವನ್ನು ನಿರ್ಧರಿಸುತ್ತದೆ. ಅವಕ್ಕೆ ಮಂತ್ರಿಗಳು ಅಧಿಕಾರಿಗಳು ಬರೆದುಕೊಟ್ಟ ಉತ್ತರವನ್ನು ಓದುತ್ತಾರೆ. ಕುತೂಹಲವಿರುವುದು ಅದರ ಬೆನ್ನಿಗೆ ಬರುವ ಪೂರಕ ಪ್ರಶ್ನೆಯಲ್ಲಿ. ಅದು ಏನೆಂಬುದು ಮಂತ್ರಿಗೆ ಮೊದಲೇ ತಿಳಿದಿರುವುದಿಲ್ಲ. ತನ್ನ ಕ್ಷೇತ್ರದ ಮಹಿಳೆಯೊಬ್ಬರು ದೌರ್ಜನ್ಯದ ದೂರು ಕೊಟ್ಟು ವರ್ಷಗಳಾದರೂ ವಿಚಾರಣೆಯ ದಿನಾಂಕ ಸಿಕ್ಕಿಲ್ಲವೆಂದು ಸಂಸದೆಯೊಬ್ಬರು ಹೇಳಿದಾಗ ಮಂತ್ರಿಗಳು ಹಾಳೆಯಿಂದ ತಲೆಯೆತ್ತಿ ಮಾತನಾಡಬೇಕಾಯಿತು. ಆ ಪ್ರಶ್ನೆಯ ಹಿಂದೆ ದೊಡ್ಡ ಸಂಗತಿಯೇ ಇತ್ತು. 2025ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ರೌನ್ ಕೋರ್ಟುಗಳಲ್ಲಿ ಬಾಕಿ ಉಳಿದಿದ್ದ ಪ್ರಕರಣಗಳು 75 ಸಾವಿರಕ್ಕೂ ಹೆಚ್ಚು.

ಬಾಯಿಮಾತಿನ ಪ್ರಶ್ನೆಗಳಲ್ಲದೆ ಲಿಖಿತ ಪ್ರಶ್ನೆಗಳಿವೆ. ಅವುಗಳ ಸಂಖ್ಯೆ ವರ್ಷಕ್ಕೆ ಹತ್ತಾರು ಸಾವಿರ. ಪ್ರಶ್ನೆ ಮತ್ತು ಉತ್ತರ ಎರಡೂ ಸಂಸತ್ತಿನ ಜಾಲತಾಣದಲ್ಲಿ ಎಲ್ಲರಿಗೂ ಲಭ್ಯ. ಮೂರನೆಯದು ತುರ್ತು ಪ್ರಶ್ನೆ. ಸ್ಪೀಕರ್ ಒಪ್ಪಿದರೆ ಸಂಬಂಧಪಟ್ಟ ಮಂತ್ರಿ ಅಥವಾ ಅವರ ಸಹೋದ್ಯೋಗಿ ಅದೇ ದಿನ ಸದನಕ್ಕೆ ಬಂದು ಉತ್ತರಿಸಬೇಕು.

ನಮ್ಮ ವಿಧಾನಸೌಧದ ಕಲಾಪವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ರಹಿತ ಪ್ರಶ್ನೆ ಎಂಬ ವಿಂಗಡಣೆ ಇದೇ ಬಳ್ಳಿಯ ಕಾಯಿ. ನುಣುಚಿಕೊಳ್ಳುವ ಕಲೆಯೂ ಎರಡೂ ಕಡೆ ಇದೆ. ನಮ್ಮಲ್ಲಿ “ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ” ಎಂದು ಉತ್ತರಿಸಿದರೆ, ಇಲ್ಲಿ “ಈ ಮಾಹಿತಿಯನ್ನು ಕೇಂದ್ರೀಯವಾಗಿ ಇರಿಸಿಲ್ಲ, ಸಂಗ್ರಹಿಸಲು ಅತಿಯಾದ ವೆಚ್ಚವಾಗುತ್ತದೆ” ಎನ್ನುತ್ತಾರೆ. ಆದ್ದರಿಂದ ಬಿಳಿಯರ ಸಂಸತ್ತು ಸತ್ಯಹರಿಶ್ಚಂದ್ರರ ಸಭೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಪ್ರಶ್ನೆ ಕೇಳುವುದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿಯಲು ಇಲ್ಲಿನ ಮೂರು ಪ್ರಸಂಗಗಳನ್ನು ನೋಡೋಣ.

ಸಂಸದರಿಗೆ ಅಡುಗೆ ಮಾಡಿದಾಕೆ

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿಗೆ ದುಡಿಯುವ ಕೈಗಳು ಬೇಕಾಗಿದ್ದವು. 1948ರ ಜೂನ್‌ನಲ್ಲಿ ಎಂಪೈರ್ ವಿಂಡ್‌ರಶ್ ಎಂಬ ಹಡಗು ಕೆರಿಬಿಯನ್ ದ್ವೀಪಗಳ ನೂರಾರು ಜನರನ್ನು ಟಿಲ್ಬರಿ ಬಂದರಿಗೆ ತಂದಿತು. ಆ ಮೇಲೆ ಕಾಮನ್‌ವೆಲ್ತ್ ದೇಶಗಳಿಂದ ಬಂದವರು ಬಸ್ಸು ಓಡಿಸಿದರು, ಆಸ್ಪತ್ರೆಗಳಲ್ಲಿ ಶುಶ್ರೂಷೆ ಮಾಡಿದರು. 1973ರ ಜನವರಿ 1ಕ್ಕಿಂತ ಮುಂಚೆ ಬಂದು ನೆಲೆಸಿದ್ದವರಿಗೆ ಇಲ್ಲಿಯೇ ಉಳಿಯುವ ಹಕ್ಕನ್ನು 1971ರ ವಲಸೆ ಕಾಯ್ದೆ ಕೊಟ್ಟಿತು. ಆದರೆ ಅವರಲ್ಲಿ ಬಹಳ ಮಂದಿಗೆ ಹಕ್ಕಿನ ಜೊತೆ ಕಾಗದ ಸಿಗಲಿಲ್ಲ. ತಂದೆ ತಾಯಿಯ ಪಾಸ್‌ಪೋರ್ಟಿನಲ್ಲಿ ಹೆಸರು ಬರೆಸಿಕೊಂಡು ಬಂದ ಮಕ್ಕಳು ಇಲ್ಲೇ ಓದಿ, ದುಡಿದು, ತೆರಿಗೆ ಕಟ್ಟಿ ಅಜ್ಜ ಅಜ್ಜಿಯರಾದರು.

2012ರ ನಂತರ ಅಕ್ರಮ ವಲಸಿಗರಿಗೆ ‘ಪ್ರತಿಕೂಲ ವಾತಾವರಣ’ ನಿರ್ಮಿಸುವ ನೀತಿ ಬಂತು. 2014 ಮತ್ತು 2016ರ ಕಾಯ್ದೆಗಳ ಪ್ರಕಾರ ಮನೆ ಮಾಲೀಕರು, ಬ್ಯಾಂಕಿನವರು, ಉದ್ಯೋಗದಾತರು ಎಲ್ಲರೂ ಕಾಗದ ಕೇಳತೊಡಗಿದರು. ಕಾಗದವಿಲ್ಲದ ಈ ಹಿರಿಯರು ಒಂದೇ ಏಟಿಗೆ ಅಕ್ರಮ ವಲಸಿಗರಾದರು. ಕೆಲಸ ಹೋಯಿತು, ಕೆಲವರಿಗೆ ಚಿಕಿತ್ಸೆ ನಿಂತಿತು. ಅವರ ಆಗಮನಕ್ಕೆ ಸಾಕ್ಷಿಯಾಗಬಹುದಾಗಿದ್ದ ಹಳೆಯ ಹಡಗಿನ ಚೀಟಿಗಳನ್ನು ಗೃಹ ಇಲಾಖೆ 2010ರಲ್ಲಿಯೇ ನಾಶ ಮಾಡಿತ್ತು. ಹತ್ತು ವರ್ಷದ ಬಾಲಕಿಯಾಗಿ 1968ರಲ್ಲಿ ಬಂದಿದ್ದ ಮಹಿಳೆಯೊಬ್ಬರನ್ನು 2017ರಲ್ಲಿ ಬಂಧನ ಕೇಂದ್ರದಲ್ಲಿ ಇಡಲಾಯಿತು. ಅವರು ಒಂದು ಕಾಲದಲ್ಲಿ ಇದೇ ಸಂಸತ್ತಿನ ಭೋಜನಶಾಲೆಯಲ್ಲಿ ಸಂಸದರಿಗೆ ಅಡುಗೆ ಮಾಡಿದ್ದವರು. ಕ್ಷೇತ್ರದ ಸಂಸದೆ ಮತ್ತು ಒಂದು ಸ್ವಯಂಸೇವಾ ಸಂಸ್ಥೆ ಮಧ್ಯೆ ಪ್ರವೇಶಿಸದಿದ್ದರೆ ಐವತ್ತು ವರ್ಷ ಕಾಣದ ದೇಶಕ್ಕೆ ಅವರು ಗಡೀಪಾರಾಗುತ್ತಿದ್ದರು. ಗಾರ್ಡಿಯನ್ ಪತ್ರಿಕೆಯ ಅಮೇಲಿಯಾ ಜೆಂಟಲ್‌ಮನ್ ಇಂಥ ಕಥೆಗಳನ್ನು ಒಂದೊಂದಾಗಿ ವರದಿ ಮಾಡಿದರು.

2018ರ ಏಪ್ರಿಲ್ 16ರಂದು ಟಾಟೆನ್‌ಹ್ಯಾಮ್ ಕ್ಷೇತ್ರದ ಸಂಸದ ಡೇವಿಡ್ ಲ್ಯಾಮಿ ತುರ್ತು ಪ್ರಶ್ನೆ ಎತ್ತಿದರು. ಅವರ ತಂದೆ ತಾಯಿ ಗಯಾನಾದಿಂದ ಬಂದವರು. ಎಷ್ಟು ಜನರನ್ನು ಗಡೀಪಾರು ಮಾಡಿದ್ದೀರಿ, ಎಷ್ಟು ಜನರನ್ನು ಬಂಧನದಲ್ಲಿಟ್ಟಿದ್ದೀರಿ, ಎಷ್ಟು ಜನರಿಗೆ ಚಿಕಿತ್ಸೆ ನಿರಾಕರಿಸಿದ್ದೀರಿ ಎಂದು ಗೃಹ ಸಚಿವೆ ಆಂಬರ್ ರಡ್ ಅವರನ್ನು ಕೇಳಿದರು. ಇದು ರಾಷ್ಟ್ರಕ್ಕೆ ನಾಚಿಕೆಯ ದಿನವೆಂದರು. ರಡ್ ಅವರು ಕ್ಷಮೆ ಕೇಳಿದರು, ಇಲಾಖೆಯು ನೀತಿಯ ಚಿಂತೆಯಲ್ಲಿ ವ್ಯಕ್ತಿಯನ್ನು ಮರೆತಿದೆ ಎಂದೂ ಒಪ್ಪಿಕೊಂಡರು. ಆದರೆ ಸಂಖ್ಯೆ ಹೇಳಲು ಅವರಿಗೆ ಆಗಲಿಲ್ಲ.

ಏಪ್ರಿಲ್ 25ರಂದು ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿಯ ಅಧ್ಯಕ್ಷೆ ಇವೆಟ್ ಕೂಪರ್ ವಿಚಾರಣೆ ನಡೆಸಿದರು. ದೇಶದಿಂದ ಹೊರಹಾಕುವವರ ಸಂಖ್ಯೆಗೆ ಗುರಿ ನಿಗದಿಯಾಗಿದೆಯೇ ಎಂಬ ಪ್ರಶ್ನೆ ಬಂತು. ಇಲ್ಲವೆಂದು ರಡ್ ಉತ್ತರಿಸಿದರು. ಮರುದಿನ ಸದನದಲ್ಲಿ ಸ್ಥಳೀಯ ಗುರಿಗಳಿದ್ದುದನ್ನು ಒಪ್ಪಿಕೊಳ್ಳಬೇಕಾಯಿತು. ಆ ಬಳಿಕ ಇಲಾಖೆಯ ಟಿಪ್ಪಣಿಗಳು ಪತ್ರಿಕೆಗೆ ಸೋರಿದವು. ಏಪ್ರಿಲ್ 29ರ ರಾತ್ರಿ, ಉದ್ದೇಶವಿಲ್ಲದೆ ಸಮಿತಿಯನ್ನು ತಪ್ಪುದಾರಿಗೆಳೆದೆನೆಂದು ಹೇಳಿ ಅವರು ರಾಜೀನಾಮೆ ಕೊಟ್ಟರು. ಮೊದಲ ಪ್ರಶ್ನೆಯಿಂದ ರಾಜೀನಾಮೆಯವರೆಗೆ ಹದಿಮೂರು ದಿನ. ಲ್ಯಾಮಿ ಕೇಳಿದ ಸಂಖ್ಯೆಯೂ ನಂತರ ಹೊರಬಂತು: ಕನಿಷ್ಠ 83 ಜನರನ್ನು ತಪ್ಪಾಗಿ ದೇಶದಿಂದ ಹೊರಹಾಕಲಾಗಿತ್ತು. 2019ರಲ್ಲಿ ಪರಿಹಾರ ಯೋಜನೆ ಆರಂಭವಾಯಿತು. ಅದರ ನಿಧಾನಗತಿಯ ಬಗ್ಗೆ ದೂರುಗಳು ಬಹುಕಾಲ ಮುಂದುವರಿದವು. ಭಾರತದಿಂದ ಆ ಕಾಲದಲ್ಲಿ ಬಂದವರಿಗೂ ಈ ಯೋಜನೆ ಅನ್ವಯಿಸುತ್ತದೆ.

ಉತ್ತರ ಬಂದರೂ ನ್ಯಾಯ ಬಾರದಿದ್ದಾಗ

ಹದಿಮೂರು ದಿನಗಳ ಈ ಕಥೆಯನ್ನೇ ಹೇಳಿ ಮುಗಿಸಿದರೆ ಓದುಗರಿಗೆ ತಪ್ಪು ಚಿತ್ರ ಸಿಗುತ್ತದೆ. ಎರಡನೆಯ ಪ್ರಸಂಗ ಅಂಚೆ ಕಚೇರಿಯದು.

ಇಲ್ಲಿ ಬಡಾವಣೆಯ ಅಂಗಡಿಯಲ್ಲಿಯೇ ಅಂಚೆ ಕಚೇರಿ ಇರುವುದು ಸಾಮಾನ್ಯ. ಅದನ್ನು ನಡೆಸುವವರಲ್ಲಿ ಭಾರತೀಯ ಮೂಲದವರು ಬಹಳ. 1999ರಿಂದ ಅಳವಡಿಸಿದ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ತೋರಿಸತೊಡಗಿತು. ಯಂತ್ರ ತಪ್ಪುವುದಿಲ್ಲವೆಂದು ನಂಬಿ ಅಂಗಡಿಯವರನ್ನು ಕಳ್ಳರೆಂದು ಕರೆದರು. 1999 ಮತ್ತು 2015ರ ನಡುವೆ 900ಕ್ಕೂ ಹೆಚ್ಚು ಜನರ ಮೇಲೆ ಅಪರಾಧ ಹೊರಿಸಿ ಶಿಕ್ಷೆ ಕೊಡಿಸಲಾಯಿತು. ಕೆಲವರು ಜೈಲಿಗೆ ಹೋದರು, ಅವರಲ್ಲಿ ಭಾರತೀಯ ಮೂಲದ ಒಬ್ಬ ಗರ್ಭಿಣಿಯೂ ಇದ್ದರು. ಊರಿನವರ ಎದುರು ತಲೆ ಎತ್ತಲಾಗದೆ ಮನೆ ಮಾರಿ ಇಲ್ಲದ ಸಾಲ ತೀರಿಸಿದವರಿದ್ದಾರೆ.

ತಮ್ಮ ಕ್ಷೇತ್ರದ ಮಹಿಳೆಯೊಬ್ಬರ ಪ್ರಕರಣದಿಂದ ಇದರ ಜಾಡು ಹಿಡಿದವರು ಸಂಸದ ಜೇಮ್ಸ್ ಆರ್ಬತ್‌ನಾಟ್. ಅವರೂ ಕೆಲವು ಸಹೋದ್ಯೋಗಿಗಳೂ ವರ್ಷಗಟ್ಟಲೆ ಪತ್ರ ಬರೆದರು, ಪ್ರಶ್ನೆ ಕೇಳಿದರು. 2014ರ ಡಿಸೆಂಬರ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಚರ್ಚೆಯನ್ನೂ ನಡೆಸಿದರು. ಅಂಚೆ ಸಂಸ್ಥೆ ಸರ್ಕಾರದ ಒಡೆತನದ್ದಾದರೂ ಅದರ ದೈನಂದಿನ ವ್ಯವಹಾರ ಅದರದ್ದೇ ಎಂಬ ಧಾಟಿಯ ಉತ್ತರಗಳು ಬರುತ್ತಲೇ ಇದ್ದವು. ಕೊನೆಗೆ ಬಾಗಿಲು ತೆರೆದದ್ದು ನ್ಯಾಯಾಲಯದಲ್ಲಿ, 2019ರ ಹೈಕೋರ್ಟ್ ತೀರ್ಪಿನಿಂದ. 2024ರ ಜನವರಿಯಲ್ಲಿ ಒಂದು ದೂರದರ್ಶನ ಧಾರಾವಾಹಿ ಇಡೀ ದೇಶವನ್ನು ಕಲಕಿದ ನಂತರ, ಅದೇ ಮೇ ತಿಂಗಳಿನಲ್ಲಿ ಸಂಸತ್ತು ವಿಶೇಷ ಕಾಯ್ದೆಯ ಮೂಲಕ ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಿತು. ಅಷ್ಟರಲ್ಲಿ ಹಲವರು ಕಳಂಕ ಹೊತ್ತೇ ತೀರಿಕೊಂಡಿದ್ದರು.

ಹಾಗಾದರೆ ಆ ಪ್ರಶ್ನೆಗಳು ವ್ಯರ್ಥವಾದವೇ? ಇಲ್ಲವೆಂಬುದು ನನ್ನ ಅಭಿಪ್ರಾಯ. ಸದನದಲ್ಲಿ ಆಡಿದ ಪ್ರತಿ ಮಾತೂ ಹ್ಯಾನ್ಸಾರ್ಡ್ ಎಂಬ ಅಧಿಕೃತ ವರದಿಯಲ್ಲಿ ಅಚ್ಚಾಗುತ್ತದೆ. ಯಾವ ದಿನ ಯಾವ ಮಂತ್ರಿಗೆ ಏನು ತಿಳಿಸಲಾಗಿತ್ತು, ಅವರು ಏನು ಹೇಳಿದರು ಎಂಬುದನ್ನು ಹತ್ತು ವರ್ಷಗಳ ನಂತರವೂ ತೆಗೆದು ಓದಬಹುದು. “ನಮಗೆ ಗೊತ್ತೇ ಇರಲಿಲ್ಲ” ಎಂಬ ನೆಪಕ್ಕೆ ಆ ಪುಟಗಳು ಅವಕಾಶ ಕೊಡುವುದಿಲ್ಲ.

ಅದೇ ಲ್ಯಾಮಿ, ಎದುರು ಬದಿಯಲ್ಲಿ

ಮೂರನೆಯ ಪ್ರಸಂಗ ಇತ್ತೀಚಿನದು. 2024ರಲ್ಲಿ ಸರ್ಕಾರ ಬದಲಾಯಿತು. ಆಂಬರ್ ರಡ್ ಅವರನ್ನು ಪ್ರಶ್ನಿಸಿದ್ದ ಇವೆಟ್ ಕೂಪರ್ ಅದೇ ಗೃಹ ಇಲಾಖೆಯ ಮಂತ್ರಿಯಾದರು. 2025ರ ಸೆಪ್ಟೆಂಬರ್‌ನಲ್ಲಿ ಡೇವಿಡ್ ಲ್ಯಾಮಿ ಉಪ ಪ್ರಧಾನಿಯೂ ನ್ಯಾಯ ಸಚಿವರೂ ಆದರು. ಅಕ್ಟೋಬರ್ 24ರಂದು ಗಡೀಪಾರಾಗಬೇಕಿದ್ದ ಒಬ್ಬ ಅಪರಾಧಿಯನ್ನು ಚೆಲ್ಮ್ಸ್‌ಫರ್ಡ್ ಸೆರೆಮನೆಯವರು ತಪ್ಪಾಗಿ ಬಿಡುಗಡೆ ಮಾಡಿದರು. ಎರಡು ದಿನಗಳಲ್ಲಿ ಅವನು ಸಿಕ್ಕಿಬಿದ್ದ. ಮುಂದೆ ಹೀಗಾಗದಂತೆ ತಪಾಸಣೆ ಬಿಗಿಗೊಳಿಸಿದ್ದಾಗಿ ಸಚಿವರು ಹೇಳಿದರು.

ನವೆಂಬರ್ 5ರಂದು ಪ್ರಧಾನಿಯ ಅನುಪಸ್ಥಿತಿಯಲ್ಲಿ ಲ್ಯಾಮಿ ಉತ್ತರಿಸಲು ನಿಂತಿದ್ದರು. ಪ್ರತಿಪಕ್ಷದ ಜೇಮ್ಸ್ ಕಾರ್ಟ್‌ಲಿಜ್ ಕೇಳಿದ್ದು ಸರಳ ಪ್ರಶ್ನೆ: ಆ ಘಟನೆಯ ನಂತರ ಆಶ್ರಯ ಕೋರಿ ಬಂದ ಬೇರೆ ಯಾವುದೇ ಅಪರಾಧಿ ತಪ್ಪಾಗಿ ಬಿಡುಗಡೆಯಾಗಿಲ್ಲವೆಂದು ಭರವಸೆ ಕೊಡುವಿರಾ? ಲ್ಯಾಮಿ ಹಿಂದಿನ ಸರ್ಕಾರದ ಲೋಪಗಳನ್ನು ಹೇಳಿದರು, ಕೈಗೊಂಡ ಕ್ರಮಗಳನ್ನು ಹೇಳಿದರು, ಹೌದು ಅಥವಾ ಇಲ್ಲ ಎಂದು ಮಾತ್ರ ಹೇಳಲಿಲ್ಲ. ಕಾರ್ಟ್‌ಲಿಜ್ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಸದನ ಮುಗಿದ ಸ್ವಲ್ಪ ಹೊತ್ತಿನಲ್ಲಿಯೇ, ವಾಂಡ್ಸ್‌ವರ್ತ್ ಸೆರೆಮನೆಯಿಂದ ಇನ್ನೊಬ್ಬ ವಿದೇಶಿ ಕೈದಿ ಒಂದು ವಾರದ ಹಿಂದೆಯೇ ತಪ್ಪಾಗಿ ಬಿಡುಗಡೆಯಾಗಿದ್ದ ಸುದ್ದಿ ಹೊರಬಂತು. ಪೂರ್ಣ ವಿವರ ಕೈಯಲ್ಲಿರದೆ ಮಾತನಾಡಲು ಬಯಸಲಿಲ್ಲವೆಂದು ಸಚಿವರು ಸಮಜಾಯಿಷಿ ಕೊಟ್ಟರು. 2025ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಪ್ಪಾಗಿ ಬಿಡುಗಡೆಯಾದ ಕೈದಿಗಳು 262. ಅದರ ಹಿಂದಿನ ವರ್ಷ ಆ ಸಂಖ್ಯೆ 115 ಇತ್ತು. ಕಿಕ್ಕಿರಿದ ಸೆರೆಮನೆಗಳು, ಕೈಯಲ್ಲಿ ಬರೆದು ಲೆಕ್ಕ ಹಾಕುವ ಶಿಕ್ಷೆಯ ಅವಧಿ, ಅನುಭವಿ ಸಿಬ್ಬಂದಿಯ ಕೊರತೆ ಎಲ್ಲವೂ ಒಂದು ಪ್ರಶ್ನೆಯ ನೆಪದಲ್ಲಿ ಬೆಳಕಿಗೆ ಬಂದವು.

2018ರಲ್ಲಿ “ಎಷ್ಟು ಜನ?” ಎಂದು ಕೇಳಿ ಮಂತ್ರಿಯನ್ನು ಮಾತಿಲ್ಲದಂತೆ ಮಾಡಿದವರೇ 2025ರಲ್ಲಿ “ಇನ್ನೊಬ್ಬ ಇದ್ದಾನೆಯೇ?” ಎಂಬ ಪ್ರಶ್ನೆಗೆ ಉತ್ತರಿಸಲಾಗದೆ ನಿಂತರು. ಇದನ್ನು ಅವರ ಸೋಲೆಂದು ನೋಡಿ ನಗುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ಬೇರೆ. ಒಳ್ಳೆಯವರನ್ನು ಮಂತ್ರಿ ಮಾಡಿದರೆ ಸಾಲದು. ನಿನ್ನೆ ನೊಂದವರ ಪರ ಕೇಳಿದವರೂ ಇಂದು ಆ ಕುರ್ಚಿಯಲ್ಲಿ ಕುಳಿತಾಗ ಇಲಾಖೆಯ ಕಣ್ಣಿನಿಂದಲೇ ನೋಡತೊಡಗುತ್ತಾರೆ. ಆದ್ದರಿಂದ ಎದುರು ಬೆಂಚಿನಲ್ಲಿ ಯಾವಾಗಲೂ ಒಬ್ಬರು ಪ್ರಶ್ನೆ ಹಿಡಿದು ನಿಂತಿರಬೇಕು.

ನಮ್ಮವರಿಗೆ ಇದರಿಂದೇನು?

ಈಗ ಆ ತಂದೆ ತಾಯಂದಿರ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ನೆಲೆಸಿದ ಪ್ರತಿಯೊಬ್ಬರಿಗೂ, ಪೌರತ್ವ ಇರಲಿ ಬಿಡಲಿ, ತಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆಯುವ ಅವಕಾಶವಿದೆ. ಜೊತೆಗೆ ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಕಾನೂನುಬದ್ಧ ವೀಸಾದ ಮೇಲೆ ಇಲ್ಲಿ ವಾಸಿಸುವ ಭಾರತೀಯರು, ವಿದ್ಯಾರ್ಥಿಗಳೂ ಸೇರಿ, ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಮತಗಟ್ಟೆಯಲ್ಲಿ ಗುರುತಿಗೆ ಭಾರತೀಯ ಪಾಸ್‌ಪೋರ್ಟ್ ಸಾಕು. ಬಂದು ಹಲವು ವರ್ಷಗಳಾದರೂ ಇದನ್ನು ತಿಳಿಯದ ಕನ್ನಡಿಗರನ್ನು ನಾನು ಬಲ್ಲೆ.

ಸಂಸದರು ವಾರಾಂತ್ಯದ ಆಸುಪಾಸಿನಲ್ಲಿ ಕ್ಷೇತ್ರದ ಜನರನ್ನು ಭೇಟಿ ಮಾಡುತ್ತಾರೆ. ಅದಕ್ಕೆ ಇಲ್ಲಿ ‘ಸರ್ಜರಿ’ ಎಂದು ಹೆಸರು. “ಶುಕ್ರವಾರ ಸಂಸದರ ಸರ್ಜರಿಗೆ ಹೋಗಬೇಕು” ಎಂದು ಫೋನಿನಲ್ಲಿ ಹೇಳಿದಾಗ ನನ್ನ ಅತ್ತೆಯವರು “ಪಾಪ, ಅವರಿಗೆ ಏನಾಗಿದೆಯಪ್ಪ?” ಎಂದು ಕೇಳಿದ್ದರು. ಸರ್ಜರಿಯ ಅಗತ್ಯ ಇದ್ದದ್ದು ಅವರ ಮಗಳಿಗೆ. ಪಿತ್ತಕೋಶದ ಕಲ್ಲಿನ ನೋವಿನಿಂದ ನನ್ನ ಹೆಂಡತಿ ತಿಂಗಳುಗಟ್ಟಲೆ ಕಾದಿದ್ದಳು. ಎರಡು ಬಾರಿ ದಿನಾಂಕ ಮುಂದೂಡಿದ ಆಸ್ಪತ್ರೆ, ಮೂರನೆಯ ಬಾರಿ ಆಕೆಯ ಕಡತವನ್ನೇ ಮುಚ್ಚಲಾಗಿದೆಯೆಂದು ಪತ್ರ ಕಳಿಸಿತು. ಆಸ್ಪತ್ರೆಯವರು ಕುಟುಂಬ ವೈದ್ಯರನ್ನು ಕೇಳಿ ಎಂದರು, ವೈದ್ಯರ ಕಚೇರಿಯವರು ಆಸ್ಪತ್ರೆಯನ್ನು ಕೇಳಿ ಎಂದರು.

ಸಂಸದರ ಕಚೇರಿಯವರು ನಮ್ಮ ಪಕ್ಷ ಯಾವುದೆಂದು ಕೇಳಲಿಲ್ಲ, ವೀಸಾ ಯಾವುದೆಂದೂ ಕೇಳಲಿಲ್ಲ. ಕ್ಷೇತ್ರದ ವಿಳಾಸ, ಪತ್ರಗಳ ಪ್ರತಿ, ಹೆಂಡತಿಯ ಸಹಿ ಮಾಡಿದ ಒಪ್ಪಿಗೆ ಇಷ್ಟನ್ನೇ ಕೇಳಿದರು. ಅವರು ಆಸ್ಪತ್ರೆಗೆ ಬರೆದ ಪತ್ರದಲ್ಲಿ ಶಿಫಾರಸು ಇರಲಿಲ್ಲ. ಕಡತವನ್ನು ಏಕೆ ಮುಚ್ಚಿದಿರಿ, ಮುಂದಿನ ದಿನಾಂಕ ಯಾವುದು, ಇಂಥ ಕಡತಗಳು ಇನ್ನೂ ಎಷ್ಟು ಎಂಬ ಮೂರು ಪ್ರಶ್ನೆಗಳಿದ್ದವು. ಮೂರನೆಯದು ಏಕೆಂದರೆ ನಮ್ಮ ಬಡಾವಣೆಯ ಇನ್ನೂ ನಾಲ್ವರು ಇದೇ ದೂರು ತಂದಿದ್ದರು. ಕಂಪ್ಯೂಟರ್ ವ್ಯವಸ್ಥೆ ಬದಲಿಸುವಾಗ ಹಲವು ಕಡತಗಳು ತಪ್ಪಾಗಿ ಮುಚ್ಚಿಹೋಗಿದ್ದವೆಂದು ಉತ್ತರ ಬಂತು, ಏಳು ವಾರಗಳಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ನಮಗೆ ಸರದಿ ಮೀರಿ ಏನೂ ಸಿಗಲಿಲ್ಲ, ಕಳೆದುಹೋಗಿದ್ದ ಸರದಿ ಮರಳಿ ಸಿಕ್ಕಿತು. ಸಂಸದರಿಂದ ನಿರೀಕ್ಷಿಸಬಹುದಾದದ್ದು ಇಷ್ಟೇ. ಅವರು ಇಲಾಖೆಗೆ ಆಜ್ಞೆ ಮಾಡಲಾರರು, ನ್ಯಾಯಾಲಯದ ತೀರ್ಪಿನಲ್ಲಿ ತಲೆಹಾಕಲಾರರು. ಕೇಳಬಲ್ಲರು, ಉತ್ತರ ಬರುವವರೆಗೆ ಮತ್ತೆ ಕೇಳಬಲ್ಲರು.

ಕೇಳಲು ನಮಗೆ ಸಂಕೋಚ ಬೇಡ. ವೀಸಾ ಪಡೆಯುವಾಗ ಆರೋಗ್ಯ ಸೇವೆಗೆಂದು ವಯಸ್ಕರೊಬ್ಬರು ವರ್ಷಕ್ಕೆ ಕಟ್ಟುವ ಶುಲ್ಕ 2024ರ ಫೆಬ್ರುವರಿಯಿಂದ 1,035 ಪೌಂಡ್. ಸಂಬಳದಲ್ಲಿ ಹೋಗುವ ತೆರಿಗೆ ಬೇರೆ.

ಬರಲಿರುವವರಿಗೆ ಇನ್ನೊಂದು ಮಾತು. ವಿಂಡ್‌ರಶ್ ಹಿರಿಯರಿಗೆ ಹಕ್ಕು ಇತ್ತು, ಕಾಗದ ಇರಲಿಲ್ಲ. ಈಗ ವೀಸಾ ಕಾರ್ಡುಗಳ ಕಾಲ ಮುಗಿದು ಎಲ್ಲವೂ ಇ-ವೀಸಾ ಆಗಿದೆ, ಬಹುಪಾಲು ಹಳೆಯ ಕಾರ್ಡುಗಳ ಅವಧಿ 2024ರ ಡಿಸೆಂಬರ್ 31ಕ್ಕೇ ಮುಗಿಯಿತು. ಆದರೂ ಹಳೆಯ ಪಾಸ್‌ಪೋರ್ಟುಗಳನ್ನು ಎಸೆಯಬೇಡಿ. ಸಂಬಳದ ಚೀಟಿ, ತೆರಿಗೆಯ ಪತ್ರ, ಬಾಡಿಗೆ ಕರಾರು, ಆಸ್ಪತ್ರೆಯ ಪತ್ರ ಎಲ್ಲವನ್ನೂ ವರ್ಷವಾರು ಜೋಡಿಸಿಡಿ. ನಿಮ್ಮ ಪರವಾಗಿ ಯಾರೇ ಪ್ರಶ್ನೆ ಕೇಳಬೇಕಾದರೂ ಅವರ ಕೈಗೆ ಮೊದಲು ನೀವು ಕೊಡಬೇಕಾದದ್ದು ಆ ಕಡತವನ್ನು.

ಮನೆ ಹಿಡಿದ ಮೊದಲ ವಾರದಲ್ಲಿ ಗ್ಯಾಸ್, ವಿದ್ಯುತ್, ಇಂಟರ್ನೆಟ್ ಸಂಪರ್ಕಕ್ಕೆ ಅರ್ಜಿ ಹಾಕುತ್ತೀರಿ. ಅದೇ ವಾರ ಮತದಾರರ ಪಟ್ಟಿಗೂ ಹೆಸರು ಸೇರಿಸಿ. ನಿಮ್ಮ ಅಂಚೆ ಸಂಕೇತವನ್ನು ಸಂಸತ್ತಿನ ಜಾಲತಾಣದಲ್ಲಿ ಹಾಕಿದರೆ ಸಂಸದರ ಹೆಸರೂ ವಿಳಾಸವೂ ಸಿಗುತ್ತವೆ. ಅದನ್ನು ಬರೆದಿಟ್ಟುಕೊಳ್ಳಿ, ಊರಿಗೆ ಫೋನ್ ಮಾಡಿದಾಗ ಮನೆಯವರಿಗೂ ಹೇಳಿ. ಕೇಳುವವರು ಯಾರು ಎಂಬ ಅವರ ಪ್ರಶ್ನೆಗೆ ಆ ಹೆಸರೇ ಮೊದಲ ಉತ್ತರ.